ಮಿದುಳು ರಾಯರು

ಬೆಳಗಿನ ಹೊತ್ತು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜನ ಇದ್ದಕ್ಕಿದ್ದಂತೆ ಬಿರುಸಾಗಿ ಹೆಜ್ಜೆ ಹಾಕತೊಡಗಿದರೆ ಹಿಂದೆ ರಾಯರು ಬರುತ್ತಿದ್ದಾರೆ ಎಂದೇ ಅರ್ಥ. ಎದುರು ಸಿಕ್ಕವರನ್ನು ಅವರು "ಚೆನ್ನಾಗಿದ್ದೀರಾ?" ಎಂದು ಕೇಳುವುದಿಲ್ಲ. "ಮೊನ್ನೆ ನಿಮ್ಮನೇಲಿ ಏನು ಹುಳಿ?" ಎನ್ನುತ್ತಾರೆ. ನಾವು ತಡವರಿಸಿದೆವೋ, ಅವರ ಮುಖದಲ್ಲಿ ಮರುಕ ಉಕ್ಕುತ್ತದೆ. "ನೂರರಿಂದ ಏಳೇಳು ಕಳೀತಾ ಹೋಗಿ ನೋಡೋಣ. ಡಾಕ್ಟರುಗಳೂ ಹೀಗೇ ಪರೀಕ್ಷೆ ಮಾಡೋದು!" 93, 86, 79 ದಾಟುವುದರೊಳಗೆ ಎದುರಿನವರಿಗೆ ಮನೆಯಲ್ಲೇನೋ ಕೆಲಸ ನೆನಪಾಗಿರುತ್ತದೆ. ಅಷ್ಟರಮಟ್ಟಿಗೆ ರಾಯರಿಂದ ಊರಿನವರ ಜ್ಞಾಪಕಶಕ್ತಿಗೆ ಉಪಕಾರವಾಗಿರುವುದು ನಿಜ.

ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಪೆನ್ಷನ್ ಬರುತ್ತದೆ, ಮಗಳು ಅಮೆರಿಕದಲ್ಲಿದ್ದಾಳೆ, ಮನೆಯ ಸಾಲ ತೀರಿದೆ. ಇನ್ನು ಚಿಂತೆಗೆಂದು ಉಳಿದಿರುವುದು ಮಿದುಳೊಂದೇ.

ಅದರ ಸೇವೆ ಬೆಳಗ್ಗೆ ಎಡಗೈಯಲ್ಲಿ ಹಲ್ಲುಜ್ಜುವುದರಿಂದ ಶುರು. ಹಾಗೆ ಮಾಡಿದರೆ ಮಿದುಳಿನ ಬಲಭಾಗ ಚುರುಕಾಗುತ್ತದಂತೆ. ಸದ್ಯಕ್ಕೆ ಪೇಸ್ಟು ಮೀಸೆಯವರೆಗೆ ಮಾತ್ರ ತಲುಪಿದೆ. ಆಮೇಲೆ ಅಕ್ರೋಟು. ಒಂದನ್ನು ಒಡೆದು ನಮ್ಮ ಮೂಗಿನ ಮುಂದೆ ಹಿಡಿದು, "ನೋಡಿ, ಥೇಟು ಮಿದುಳು! ದೇವರೇ ಗುರುತು ಹಾಕಿ ಕಳಿಸಿದ್ದಾನೆ" ಎನ್ನುತ್ತಾರೆ. ಹಾಗಾದರೆ ಪಡುವಲಕಾಯಿ ಯಾವ ಅಂಗಕ್ಕೆ ಎಂದು ಕೇಳುವ ಧೈರ್ಯ ಇದುವರೆಗೂ ಯಾರಿಗೂ ಬಂದಿಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ, ಸಂಜೆ ಸುಡೊಕು. ಲಂಡನ್ನಿನ ಟ್ಯಾಕ್ಸಿ ಡ್ರೈವರುಗಳ ಮಿದುಳಿನಲ್ಲಿ ದಾರಿ ನೆನಪಿಡುವ ಜಾಗದ ಹಿಂಭಾಗ ಹಿಗ್ಗಿದೆ ಎಂಬ 2000ದ ಅಧ್ಯಯನದ ಸುದ್ದಿ ಯಾವಾಗ ಕಣ್ಣಿಗೆ ಬಿತ್ತೋ, ಅಂದಿನಿಂದ ಹಾಲಿಗೂ ದಿನಕ್ಕೊಂದು ದಾರಿ. ಸರಸ್ವತಿಪುರದ ಮೇನು, ಕ್ರಾಸುಗಳನ್ನೆಲ್ಲ ಸುತ್ತಿ ಪ್ಯಾಕೆಟ್ ಮನೆ ಸೇರುವಾಗ ಡಿಕಾಕ್ಷನ್ ಆರಿ, ಮತ್ತೆ ಕಾದು, ಮತ್ತೆ ಆರಿರುತ್ತದೆ.

ರಾಯರ ನಿಜವಾದ ಆಸ್ತಿ ಮಾತ್ರ ಜೇಬಿನಲ್ಲಿರುವ ಒಂದು ಚೀಟಿ. ಮರೆವಿನ ಕಾಯಿಲೆಗೆ ದಾರಿ ಮಾಡುವ 14 ಅಂಶಗಳನ್ನು 'ಲ್ಯಾನ್ಸೆಟ್' ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತಲ್ಲ, ಅದರ ನಕಲು ಅದು. ಇವಿಷ್ಟನ್ನೂ ಹತೋಟಿಗೆ ತಂದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು, ಇಲ್ಲವೇ ಮುಂದೂಡಬಹುದು ಎಂಬ ಅಂದಾಜೂ ಅದರಲ್ಲಿದೆ. ಬಾಯಿಪಾಠವೂ ಮಿದುಳಿಗೆ ವ್ಯಾಯಾಮವೇ ಎಂದು ರಾಯರು ಪಟ್ಟಿಯನ್ನು ಉರು ಹೊಡೆದಿದ್ದಾರೆ.

ಕಲ್ಲುಬೆಂಚಿನ ಮೇಲೆ ಕೂತು ಅದನ್ನು ಸಹಸ್ರನಾಮದ ಧಾಟಿಯಲ್ಲಿ ಒಪ್ಪಿಸುತ್ತಾರೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬೇಕಲ್ಲ, ಬೆಂಚಿನ ಹೊತ್ತೂ ಆ ಖಾತೆಗೇ ಜಮಾ. "ಸಕ್ಕರೆ ಕಾಯಿಲೆ" ಎನ್ನುವಾಗ ಜೇಬಿನಿಂದ ಮೈಸೂರು ಪಾಕಿನ ಪೊಟ್ಟಣ ಹೊರಬರುತ್ತದೆ. "ಕೆಟ್ಟ ಕೊಲೆಸ್ಟರಾಲ್" ಎನ್ನುವಷ್ಟರಲ್ಲಿ ಅದು ಖಾಲಿ. "ಒಂಟಿತನ" ಎನ್ನುವ ವೇಳೆಗೆ ಬೆಂಚಿನ ಮೇಲೆ ಅವರ ಜೊತೆಗಿದ್ದವರೆಲ್ಲ ಎದ್ದು ಹೋಗಿರುತ್ತಾರೆ. "ಕಿವಿ ಮಂದವಾಗುವುದು" ಎಂಬಲ್ಲಿ ಮಾತ್ರ ದನಿ ತಾರಕಕ್ಕೇರುತ್ತದೆ, ಯಾಕೆಂದರೆ ಅವರ ದನಿ ಅವರಿಗೇ ಸರಿಯಾಗಿ ಕೇಳಿಸದು. ಮಗಳು ಕಳಿಸಿದ ಶ್ರವಣಸಾಧನ ಪೆಟ್ಟಿಗೆ ಸಮೇತ ಬೀರುವಿನಲ್ಲಿ ಭದ್ರವಾಗಿದೆ. ಹಾಕಿಕೊಂಡರೆ ಮುದುಕನ ಹಾಗೆ ಕಾಣುತ್ತಾರಂತೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಪಟ್ಟಿಯಲ್ಲಿ ರಕ್ತದೊತ್ತಡದ ಪ್ರಸ್ತಾಪ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಶ್ರೀಮತಿಯವರ ಕೂಗು: "ರೀ, ಬೀಪಿ ಮಾತ್ರೆ ಆಯ್ತಾ?"

"ಜಾತ್ರೆನಾ? ನಂಜನಗೂಡಿನ ಜಾತ್ರೆ ಮುಗಿದು ಎರಡು ತಿಂಗಳಾಯ್ತಲ್ಲೇ!" ಎಂದ ರಾಯರು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. "ನೋಡಿದ್ರಾ ಸ್ವಾಮಿ, ಇವಳಿಗೆ ಈಗಲೇ ಮರೆವು!"