ಎರಡು ನಿಮಿಷದ ಮಾತು

ನಮ್ಮ ಅಕ್ಕನ ಮಗ ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಕಣ್ಣು ಬಿಟ್ಟವನು. ಕನಸಿನಲ್ಲಿ ಬಡಬಡಿಸುವುದೂ ಇಂಗ್ಲಿಷೇ. ಅಂಥವನು ವಿದೇಶಕ್ಕೆ ಎಂ.ಎಸ್. ಓದಲು ಹೊರಟರೆ, ಅಲ್ಲಿನ ಯೂನಿವರ್ಸಿಟಿಯವರು 'ನಿನಗೆ ಇಂಗ್ಲಿಷ್ ಬರುತ್ತೆ ಅನ್ನೋದಕ್ಕೆ ಸರ್ಟಿಫಿಕೇಟ್ ತಾ' ಅಂದರಂತೆ.

ಐಇಎಲ್‌ಟಿಎಸ್ಸೋ, ಟೋಫೆಲ್ಲೋ, ಪಿಟಿಇಯೋ, ಯಾವ ಪರೀಕ್ಷೆ ಬರೆಯೋದು? ಮೂರು ಜಾತಕ ಹರವಿಕೊಂಡು ಕೂತ. ಕೊನೆಯ ಎರಡರಲ್ಲಿ ಕಂಪ್ಯೂಟರಿನ ಮುಂದೆ ಮೈಕಿಗೆ ಮಾತಾಡಬೇಕು. "ಒಬ್ಬೊಬ್ಬರೇ ಮಾತಾಡೋಕೆ ಈ ಮನೇಲಿ ನಿಮ್ಮಪ್ಪ ಒಬ್ಬರು ಸಾಕು" ಅಂದಳು ಅಕ್ಕ. ಐಇಎಲ್‌ಟಿಎಸ್ಸಿನಲ್ಲಾದರೆ ಪ್ರಶ್ನೆ ಕೇಳುವುದು ಮನುಷ್ಯರು. ಅದೇ ಗಟ್ಟಿಯಾಯಿತು.

ಲಿಸನಿಂಗಿನಲ್ಲಿ 40 ಪ್ರಶ್ನೆ, ಆಡಿಯೊ ಕೇಳಿಸುವುದು ಒಂದೇ ಸಲ. ಊಟಕ್ಕೆ ನಾಲ್ಕು ಸಲ ಕೂಗಿದರೂ ಕೇಳದ ಕಿವಿಗೆ ಇದು ಕಷ್ಟವೇ.

ನಿಜವಾದ ಮಜಾ ಸ್ಪೀಕಿಂಗಿನದು. ವಿಷಯದ ಚೀಟಿ ಕೊಟ್ಟು ಯೋಚಿಸಲು ಒಂದು ನಿಮಿಷ ಬಿಡುತ್ತಾರೆ. ಆಮೇಲೆ ಎರಡು ನಿಮಿಷದೊಳಗೆ ಮಾತು ಮುಗಿಯಬೇಕು. ಪ್ರಾಕ್ಟೀಸಿಗೆ ಅಕ್ಕನೇ ಪರೀಕ್ಷಕಿ. ಚೀಟಿಯಲ್ಲಿ ಬಂದದ್ದು 'ನಿಮ್ಮ ನೆರೆಯವರನ್ನು ವರ್ಣಿಸಿ'. ಹುಡುಗ ಪೆನ್ಸಿಲ್ ಹುಡುಕುವಷ್ಟರಲ್ಲಿ ಅಕ್ಕನೇ ಶುರು ಮಾಡಿದಳು. ಯೋಚಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ನಲವತ್ತು ನಿಮಿಷವಾದರೂ ನಿಲ್ಲಲಿಲ್ಲ. ಎಲ್ಲ ಅಚ್ಚ ಕನ್ನಡದಲ್ಲಿ. ಪಾಪ, ನೆರೆಯಾಕೆ ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದರು.

ಅಂತೂ ಒಂಬತ್ತಕ್ಕೆ ಏಳೂವರೆ ಬ್ಯಾಂಡ್ ಬಂತು. ಮೈಸೂರುಪಾಕು ಹಂಚಿದ ಮೇಲೆ ತಿಳಿದದ್ದು, ಈ ಅಂಕಕ್ಕೆ ಎರಡೇ ವರ್ಷದ ಆಯಸ್ಸು. ಅಕ್ಕನ ಭರಣಿಯಲ್ಲಿರುವ ಮಿಡಿ ಉಪ್ಪಿನಕಾಯಿಗೆ ಈಗ ಮೂರನೇ ವರ್ಷ.