ರಿಜಿಸ್ಟರಿನಲ್ಲಿ ಕೂತ ಮುತ್ತಜ್ಜಂದಿರು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪೂರ್ವಿಕರನ್ನು ಹುಡುಕಿ ಹೊರಟವರು ಮೊದಲು ಕೈಮುಗಿಯಬೇಕಾದ್ದು ಥಾಮಸ್ ಕ್ರಾಮ್‌ವೆಲ್‌ಗೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಚರ್ಚಿನಲ್ಲಿ ಬರೆದಿಡಿ ಎಂದು 1538ರಲ್ಲಿ ಅಪ್ಪಣೆ ಹೊರಡಿಸಿದವನು ಅವನೇ. ಪಾದ್ರಿಗಳು ಬರೆದರು. ಆದರೆ ಅಪ್ಪ ಜಾನ್, ಮಗ ಜಾನ್, ಚಿಕ್ಕಪ್ಪನ ಮಗನೂ ಜಾನ್ ಆದರೆ ಯಾರು ಯಾರ ಅಜ್ಜ ಅಂತ ಆ ದೇವರೇ ಹೇಳಬೇಕು.

ನಿಜವಾದ ಮೋಜಿರುವುದು ಇಸವಿಯಲ್ಲಿ. 1720ರ ಏಪ್ರಿಲಿನಲ್ಲಿ ಮದುವೆ, ಅದೇ 1720ರ ಫೆಬ್ರವರಿಯಲ್ಲಿ ಮಗುವಿಗೆ ದೀಕ್ಷಾಸ್ನಾನ ಅಂತ ಬರೆದಿದೆ ಎನ್ನಿ. ಅಯ್ಯೋ ರಾಮ! ಹುಬ್ಬೇರಿಸಿ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುವ ಮುನ್ನ ಸ್ವಲ್ಪ ತಾಳಿ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಏಪ್ರಿಲ್ ಕಳೆದ ಮೇಲೆಯೇ ಫೆಬ್ರವರಿ. ಮಧ್ಯೆ ಹತ್ತು ತಿಂಗಳು, ಮರ್ಯಾದಸ್ಥರ ಲೆಕ್ಕವೇ.

1841ರ ಜನಗಣತಿಯಂತೂ ಬಹಳ ದಯಾಳು. 15 ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಿರಿ ಎಂದು ಸರ್ಕಾರವೇ ಹೇಳಿತ್ತು. 29ರ ಮಹಾತಾಯಿ ಪುಕ್ಕಟೆಯಾಗಿ 25ಕ್ಕೆ ಇಳಿದಳು. 1851ರಲ್ಲಿ ಸರಿಯಾದ ವಯಸ್ಸನ್ನೇ ಕೇಳಿದಾಗ 39! ಹತ್ತೇ ವರ್ಷದಲ್ಲಿ ಹದಿನಾಲ್ಕು ಏರಿತು. ಆಗ ಆಕೆ ಒಂದೆರಡು ಕಡಿಮೆ ಹೇಳಿದ್ದರೂ ನಾನಂತೂ ತಪ್ಪೆಣಿಸುವವನಲ್ಲ.