‘ಪನೀರ್ ಅಂದ್ರೆ ಯಾರು?’: ಫುಕೆಟ್‌ನ ಕಲ್ಲು ಕುಟ್ಟಾಣಿಯ ವಿಶೇಷ ಸಂದರ್ಶನ

ಥಾಯ್ಲೆಂಡ್ ನಮಗೆ ವೀಸಾ ರಿಯಾಯಿತಿ ಕೊಟ್ಟ ಮೇಲೆ ಏನೇನಾಗಿದೆ ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ನಿಮ್ಮ ಬೀದಿಯಲ್ಲಿ ಫುಕೆಟ್‌ಗೆ ಹೋಗದೆ ಉಳಿದಿರುವವರು ನೀವು ಮತ್ತು ಮೂಲೆಯ ಇಸ್ತ್ರಿ ಅಂಗಡಿಯವರು ಇಬ್ಬರೇ. ಅವರೂ ದಸರಾ ರಜೆಗೆ ರೇಟು ವಿಚಾರಿಸಿಕೊಂಡು ಬಂದಿದ್ದಾರಂತೆ. ಹೋಗಿಬಂದವರ ಫೋಟೊಗಳು ವಾಟ್ಸ್ಯಾಪಿನ ಎಲ್ಲ ಗುಂಪುಗಳಲ್ಲೂ ಬಿದ್ದಿವೆ. ಅಡಿಯಲ್ಲಿ ಒಂದು ಒಕ್ಕಣೆ: ‘ಲೋಕಲ್ ಫುಡ್ ಟ್ರೈ ಮಾಡಿದ್ವಿ, ಸೂಪರ್!’ ಬೆರಳಿನಿಂದ ಹಿಗ್ಗಿಸಿ ನೋಡಿ. ತಟ್ಟೆಯಲ್ಲಿರುವುದು ಬಟರ್ ನಾನ್ ಮತ್ತು ಪನೀರ್ ಬಟರ್ ಮಸಾಲ. ಟೂರಿನವರ ಕರಪತ್ರದಲ್ಲಿ ಮೊದಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತಲ್ಲ, ‘ಪ್ರತಿ ರಾತ್ರಿ ಶುದ್ಧ ಇಂಡಿಯನ್ ಡಿನ್ನರ್’ ಅಂತ.

ಈ ವಿಷಯದಲ್ಲಿ ಬಾಯಿ ಬಿಡಬಲ್ಲ ಯೋಗ್ಯರು ಯಾರೆಂದು ಹುಡುಕಿದಾಗ ಸಿಕ್ಕಿದ್ದು ಫುಕೆಟ್ ಹಳೇ ಪೇಟೆಯ ಒಂದು ಅನ್ನ-ಸಾರಿನ ಅಂಗಡಿಯ ಹಿಂದೆ, ಬಚ್ಚಲ ಪಕ್ಕ ಕೂತಿದ್ದ ಗ್ರಾನೈಟ್ ಕುಟ್ಟಾಣಿ. ಕುಟ್ಟಾಣಿಗೆ ಕನ್ನಡ ಹೇಗೆ ಬಂತು ಎಂದು ಕೇಳುವವರು, ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ ಯಾಕೆ ಬರಲಿಲ್ಲ ಎಂಬುದನ್ನು ಮೊದಲು ಕೇಳಿಕೊಂಡು ಬರಲಿ.

ನಾವು: ನಮಸ್ಕಾರ. ರಜೆಗೆಂದು ದ್ವೀಪಕ್ಕೆ ಬಂದವರು ದ್ವೀಪದ ಊಟವನ್ನೇ ಉಣ್ಣಬೇಕು ಎಂಬ ವಾದದ ಬಗ್ಗೆ ತಮ್ಮ ಅಭಿಪ್ರಾಯ?

ಕುಟ್ಟಾಣಿ: ಮೊದಲು ಆ ಮಣ್ಣಿನವನ ವಿಷಯ ಇತ್ಯರ್ಥ ಆಗಲಿ.

ನಾವು: ಯಾವ ಮಣ್ಣಿನವನು?

ಕುಟ್ಟಾಣಿ: ಎದುರಿಗೆ ಗಾಡಿ ಮೇಲೆ ಮೆರೀತಾ ಕೂತಿದ್ದಾನಲ್ಲ, ಸೊಮ್ ತಮ್ ಮಾಡೋ ಮಣ್ಣಿನ ಕುಟ್ಟಾಣಿ! ಕೈಗೊಂದು ಮರದ ಒನಕೆ ಬೇರೆ. ಪೊಕ್ ಪೊಕ್ ಅಂತ ಸದ್ದು ಬಂದರೆ ಸಾಕು, ಹಾದಿಲಿ ಹೋಗೋರೆಲ್ಲ ಮೊಬೈಲ್ ಎತ್ಕೊಂಡು ಅವನ ಮುಂದೆ. ಏನಿದೆ ಅಲ್ಲಿ? ಹಸಿ ಪಪ್ಪಾಯಿ ತುರಿ, ನಾಲ್ಕು ಅಲಸಂದೆ ಕಾಯಿ, ಟೊಮೆಟೊ, ಕಡಲೆಬೀಜ, ಒಣ ಸೀಗಡಿ, ತಾಳೆಬೆಲ್ಲ, ನಿಂಬೆರಸ. ಅದನ್ನು ಕುಟ್ಟೋದೂ ಇಲ್ಲ ಕಣ್ರೀ, ಮೈ ನೋಯದ ಹಾಗೆ ತಟ್ಟೋದು. ನನ್ನ ಕೈಗೆ ಕೊಟ್ಟರೆ ಪಪ್ಪಾಯಿ ಗೊಜ್ಜಾಗುತ್ತೆ ಅಂತಾರೆ. ಗಟ್ಟಿಯಾಗಿ ಹುಟ್ಟಿದ್ದು ನನ್ನ ತಪ್ಪಾ? ಅದೂ ಅವನೇನು ಇಲ್ಲಿಯವನೇ? ಈಶಾನ್ಯದ ಇಸಾನ್‌ನವನು, ಲಾವೋಸ್ ಪಕ್ಕ. ಕೂಲಿ ಹುಡುಕ್ಕೊಂಡು ಬಂದ ಜನರ ಗಂಟಿನಲ್ಲಿ ಕೂತು ಬಂದ. ಈಗ ‘ದ್ವೀಪದ ಲೋಕಲ್ ಫುಡ್’ ಅಂತ ಅವನ ಫೋಟೊ!

ನಾವು: ತಮ್ಮದು ಇದೇ ದ್ವೀಪವೇ?

ಕುಟ್ಟಾಣಿ: ...ಅಂಗ್ ಸಿಲಾ. ಚೊನ್‌ಬುರಿ ಪ್ರಾಂತ್ಯ. ಕಲ್ಲಿನ ಕೆಲಸಕ್ಕೆ ಇಡೀ ದೇಶದಲ್ಲಿ ಹೆಸರುವಾಸಿ.

ನಾವು: ಅದು ಬ್ಯಾಂಕಾಕಿನ ಆಚೆ, ಇನ್ನೊಂದು ಕಡಲಿನ ದಡ. ಅಂದರೆ ತಾವೂ ಹೊರಗಿನವರೇ.

ಕುಟ್ಟಾಣಿ: ನಾನು ಗ್ರಾನೈಟು. ನನ್ನನ್ನ ಎತ್ತಿ ಇಟ್ಟ ಕಡೆಯೇ ನನ್ನ ಊರು, ಇನ್ನೊಂದು ಸಲ ಎತ್ತೋಕೆ ಯಾರಿಗೂ ಸೊಂಟ ಇರಲ್ಲ. ಮುಂದಿನ ಪ್ರಶ್ನೆ.

ನಾವು: ದಿನಚರಿ ಹೇಳಿ.

ಕುಟ್ಟಾಣಿ: ಕತ್ತಲು ಹರಿಯೋ ಮೊದಲೇ ಅಂಗಡಿ ಅಜ್ಜಿ ಬರ್ತಾರೆ. ಕಲ್ಲುಪ್ಪು ಹಾಕಿ ಒಣಮೆಣಸು ಕುಟ್ಟಬೇಕು. ಅದು ನುಣ್ಣಗಾದ ಮೇಲೆ ಸೂಜಿಮೆಣಸು, ಬೆಳ್ಳುಳ್ಳಿ, ಆಮೇಲೆ ಹಸಿ ಅರಿಶಿನದ ಕೊಂಬು. ಕೊನೆಗೆ ಉಪ್ಪಿನಲ್ಲಿ ಹುದುಗಿಸಿದ ಸೀಗಡಿ ಮುದ್ದೆ. ಅವಸರ ಮಾಡೋ ಹಾಗಿಲ್ಲ, ಒಂದು ಅರೆದ ಮೇಲೇ ಇನ್ನೊಂದು. ಹಿಂದೆ ಈ ಸದ್ದು ಕೇಳಿಯೇ ಸೊಸೆ ಆರಿಸ್ತಿದ್ರು ಅಂತಾರೆ: ಪೆಟ್ಟು ಒಂದೇ ಸಮ ಬೀಳ್ತಿದ್ರೆ ಹುಡುಗಿ ಕೆಲಸದವಳು. ಹುಡುಗನನ್ನ ಏನು ಕೇಳಿ ಆರಿಸ್ತಿದ್ರೋ ನನಗೆ ಗೊತ್ತಿಲ್ಲ. ಆ ಮಸಾಲೆ ನೀರಿಗೆ ಬಿದ್ದು ಕುದ್ದರೆ ಗೇಂಗ್ ಸೊಮ್. ಹಳದಿ ಸಾರು. ಒಳಗೆ ಮೀನು, ಹುಳಿ ಬಂದ ಕಳಲೆ. ಹುಳಿಗೆ ಸೊಮ್ ಖೇಕ್ ಹಣ್ಣಿನ ಒಣ ಹೋಳು. ಕಾಯಿಹಾಲು ಒಂದು ತೊಟ್ಟೂ ಇಲ್ಲ. ಬಾಯಿಗಿಟ್ಟರೆ ಕಿವಿ ಬಿಸಿಯಾಗಬೇಕು.

(ಕರಾವಳಿಯವರು ಗಮನಿಸಬೇಕು. ಆ ಹಣ್ಣು ನಿಮ್ಮ ಉಪ್ಪಾಗೆ, ಪುನರ್ಪುಳಿಗಳ ಕುಲದ್ದೇ. ಸಸ್ಯಶಾಸ್ತ್ರದವರು ಮೂರನ್ನೂ ಗಾರ್ಸೀನಿಯಾ ಎಂದೇ ಬರೆದುಕೊಂಡಿದ್ದಾರೆ. ಕಳಲೆಯ ಬಗ್ಗೆ ಮಲೆನಾಡಿನವರಿಗೆ, ಕೊಡಗಿನವರಿಗೆ ನಾವು ಹೇಳಿಕೊಡಬೇಕಿಲ್ಲ. ಅರಿಶಿನ, ಹುಳಿ, ಮೀನು, ಕಳಲೆ ಮನೆಯಲ್ಲೇ ಇರುವ ಜನ ಸಮುದ್ರ ದಾಟಿ ಹೋಗಿ ಪನೀರ್ ಕೇಳುತ್ತಾರೆ.)

ನಾವು: ಹಾಗಾದರೆ ಪನೀರಿನ ಬಗ್ಗೆ ತಾವು...

ಕುಟ್ಟಾಣಿ: ಪನೀರ್ ಅಂದ್ರೆ ಯಾರು?

ನಾವು: ಒಳ್ಳೆಯ ಪ್ರಶ್ನೆ. ಕನ್ನಡಿಗರು ಭೂಮಿಯ ಯಾವ ಮೂಲೆಗೆ ಹೋದರೂ ಅವರನ್ನು ‘ಇಂಡಿಯನ್ ಫುಡ್’ ಎಂಬ ಬೋರ್ಡಿನಡಿ ಕೂರಿಸಿ, ಕೆಂಪು ಗೊಜ್ಜಿನಲ್ಲಿ ತೇಲುವ ಬಿಳಿ ಚೌಕಗಳನ್ನು ಮುಂದಿಡುತ್ತಾರೆ. ಅದೇ ಪನೀರ್. ನಮ್ಮಜ್ಜಿಯ ಕಾಲದಲ್ಲಿ ಹಾಲು ಒಡೆದರೆ ಮನೆಯಲ್ಲಿ ಅರ್ಧ ದಿನ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಈಗ ದುಡ್ಡು ಕೊಟ್ಟು ಒಡೆಸಿಕೊಳ್ಳುತ್ತೇವೆ. ಮಂಡ್ಯದ ಮದುವೆಯಲ್ಲೂ ಕೋಸಂಬರಿಯನ್ನು ಅಂಚಿಗೆ ತಳ್ಳಿ ಪನೀರ್ ಕೂತಿದೆ. ಬಸ್ಸಾರು ಇಂಡಿಯನ್ ಅಲ್ಲವೇ? ಮುದ್ದೆ ಯಾವ ದೇಶದ್ದು? ಜೋಳದ ರೊಟ್ಟಿ, ಎಣ್ಣೆಗಾಯಿ ಏನು ಪಾಪ ಮಾಡಿದ್ದವು? ಇದಕ್ಕೆ ತಮ್ಮ ಉತ್ತರ ಬೇಕು.

ಕುಟ್ಟಾಣಿ: ಅದನ್ನ ಕುಟ್ಟಬೇಕಾ?

ನಾವು: ಬೇಡ. ಚಾಕುವಿನಲ್ಲಿ ಕತ್ತರಿಸಿದರೆ ಸಾಕು.

ಕುಟ್ಟಾಣಿ: ಹಾಗಾದರೆ ಅದು ನನ್ನ ಇಲಾಖೆಗೆ ಬರಲ್ಲ.

ನಾವು: ಪಾಡ್ ಥಾಯ್ ವಿಷಯವಾದರೂ ಬರುತ್ತದೆಯೇ? ಫಿಬುನ್ ಸೊಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ರಾಷ್ಟ್ರೀಯತೆಯ ಹುರುಪಿನಲ್ಲಿ ಸರ್ಕಾರವೇ ನಿಂತು ಜನಪ್ರಿಯಗೊಳಿಸಿದ ತಿಂಡಿಯಂತೆ. ರಾಜಧಾನಿಯಲ್ಲಿ ಕೂತವರು ಇಡೀ ದೇಶಕ್ಕೆ ಒಂದು ತಟ್ಟೆ ನಿಗದಿ ಮಾಡುವುದು ಎಂದರೆ ನಮ್ಮ ಪನೀರಿನ ಕತೆಯೇ ಅಲ್ಲವೇ?

ಕುಟ್ಟಾಣಿ: ಅದು ಬಾಣಲೆ ಇಲಾಖೆ. ಪಕ್ಕದ ಒಲೆ ಮೇಲಿದೆ, ತಣ್ಣಗಾದ ಮೇಲೆ ಕೇಳಿ.

ನಾವು: ಹೋಗಲಿ, ಮಿಕ್ಸಿ? ನಿಮ್ಮ ಕುಲಶತ್ರು. ಅದರ ಮೇಲಾದರೂ ಸಿಟ್ಟಿರಬೇಕು.

ಕುಟ್ಟಾಣಿ: ಪಾಪ, ಒಳ್ಳೆ ಹುಡುಗ. ಸ್ವಲ್ಪ ಕೂಗಾಡ್ತಾನೆ, ಕರೆಂಟು ಹೋದರೆ ಸುಮ್ಮನಾಗ್ತಾನೆ. ಅವನ ಫೋಟೊ ಯಾರೂ ತೆಗೆಯಲ್ಲ. ಆ ಮಣ್ಣಿನವನದು ಮಾತ್ರ, ನೋಡಿ ನೋಡಿ, ಈಗಲೂ ತೆಗೀತಿದ್ದಾರೆ! ಪಟ್ಟೆ ಚಡ್ಡಿ ಹಾಕ್ಕೊಂಡು ಬಂದಿದ್ದಾರಲ್ಲ, ನಿಮ್ಮ ಕಡೆಯವರೇ ಇರಬೇಕು. ಕೇಳಿಸ್ಕೊಳ್ಳಿ: ಮೆಣಸು ಬೇಡ, ಮೀನಿನ ರಸ ಬೇಡ, ಒಣ ಸೀಗಡಿ ತೆಗೆದುಬಿಡಿ, ಸಕ್ಕರೆ ಕಮ್ಮಿ ಇರಲಿ. ಏನುಳೀತು? ಪಪ್ಪಾಯಿ. ಅದನ್ನ ತಿಂದು ‘ಅಷ್ಟೇನೂ ಚೆನ್ನಾಗಿರಲಿಲ್ಲ’ ಅಂತ ನಕ್ಷತ್ರ ಕಮ್ಮಿ ಕೊಟ್ಟು ಹೋಗ್ತಾರೆ. ಒಳ್ಳೇದೇ ಆಯ್ತು ಅವನಿಗೆ.

ನಾವು: ಖಾರ ಕಡಿಮೆ ಕೇಳುವುದು ತಪ್ಪೇ? ಎಲ್ಲರ ಹೊಟ್ಟೆಯೂ ಒಂದೇ ಅಲ್ಲವಲ್ಲ.

ಕುಟ್ಟಾಣಿ: ತಪ್ಪಲ್ಲ. ಖಾರ ಇಲ್ಲದ್ದು ನಮ್ಮಲ್ಲೇ ಬೇಕಾದಷ್ಟಿದೆ. ಹೊಕ್ಕಿಯನ್ ನೂಡಲ್ಸ್ ಇದೆ. ತವರದ ಗಣಿ ಕೆಲಸಕ್ಕೆ ಬಂದ ಚೀನೀಯರು ಬಿಟ್ಟುಹೋಗದೆ ಇಲ್ಲೇ ಉಳಿದರು, ಅವರ ಜೊತೆ ಅದೂ ಉಳೀತು. ಮುಸ್ಲಿಮರ ಅಂಗಡಿ ರೊಟ್ಟಿ ಇದೆ, ತವೆ ಮೇಲೆ ತಟ್ಟಿ ಬೀಸೋದು ನೋಡಿದರೆ ನಿಮ್ಮ ಕಡೆಯ ಪರೋಟ ನೆನಪಾಗುತ್ತೆ. ಕೆಂಪಗೆ ಬೆಂದ ಹಂದಿಮಾಂಸ, ಮೂ ಹೊಂಗ್, ಅದಕ್ಕೆ ಖಾರವೇ ಇಲ್ಲ. ಬಿಸಿಲಿಗೆ ಓ ಇಯೋ, ಪುಡಿ ಐಸಿನ ಮೇಲೆ ಬೀಜದ ಲೋಳೆ. 2015ರಲ್ಲಿ ಯುನೆಸ್ಕೋ ಈ ಊರನ್ನ ಪಾಕಕಲೆಯ ನಗರ ಅಂತ ಕರೆದದ್ದು ಇದಕ್ಕೇ. ಬೇಕಾದ್ದು ಕೇಳಿ ತಿನ್ನಬಹುದು. ನನ್ನ ಸಾರು ತರಿಸಿ ಅದರ ಹಲ್ಲು ಕೀಳೋದು ಯಾಕೆ?

ನಾವು: ಆದರೆ ನಮ್ಮವರು ಸಂಜೆ ಪೇಟೆ ಸುತ್ತಿದರೆ ಇಂಥ ಅಂಗಡಿಗಳ ಬಾಗಿಲು ಹಾಕಿರುತ್ತದೆ. ತೆರೆದಿರುವುದು ಪನೀರಿನ ಬಾಗಿಲು ಒಂದೇ.

ಕುಟ್ಟಾಣಿ: ಎದ್ದದ್ದು ಎಷ್ಟಕ್ಕೆ? ಹತ್ತಕ್ಕೆ. ಹೋಟೆಲ್ ಬಫೆಯಲ್ಲಿ ಬ್ರೆಡ್ಡು, ಸಾಸೇಜು, ಕಲ್ಲಂಗಡಿ ಹೋಳು ತುಂಬಿಸ್ಕೊಂಡು ಮಧ್ಯಾಹ್ನ ದೋಣಿ ಹತ್ತೋದು. ನಮ್ಮ ಖನೋಮ್ ಜೀನ್ ಬೆಳಗಿನ ತಿಂಡಿ. ನಿಮ್ಮ ಒತ್ತು ಶಾವಿಗೆಯ ಹಾಗೆ ಅಕ್ಕಿ ಎಳೆ, ಮೇಲೆ ಕಾಯಿಹಾಲಿನ ಏಡಿ ಸಾರು. ಮೇಜಿನ ಮೇಲೆ ಹಸಿ ಸೊಪ್ಪು, ಸೌತೆ, ಉಪ್ಪಿನಕಾಯಿ, ಅನಾನಸು ಗುಡ್ಡೆ ಹಾಕಿರ್ತಾರೆ, ಬೇಕಾದಷ್ಟು ಹಾಕ್ಕೊಳ್ಳಿ ಅಂತ. ಊರಿನವರು ತಿಂದು ಎದ್ದು ಹೋಗುವಾಗ ನೀವಿನ್ನೂ ಮಗ್ಗುಲು ಬದಲಿಸ್ತಿರ್ತೀರಿ. ಅನ್ನ-ಸಾರಿನ ಅಂಗಡಿ ಮಧ್ಯಾಹ್ನದ ಹೊತ್ತಿಗೆ ಪಾತ್ರೆ ತೊಳೆದಾಯ್ತು. ರಾತ್ರಿ ಏಳು ಗಂಟೆಗೆ ಬಂದು ‘ಇಲ್ಲಿ ಲೋಕಲ್ ಏನೂ ಸಿಗಲ್ಲ’ ಅಂದರೆ?

ನಾವು: ಸಸ್ಯಾಹಾರಿಗಳ ಗತಿ? ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ ಎಂದು ಹೆದರಿ ಅವರು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಬರುತ್ತಾರೆ.

ಕುಟ್ಟಾಣಿ: ಹೆದರೋದು ಸರಿಯೇ, ಬೀಳುತ್ತೆ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರೋ ಅಂಗಡಿ ಹುಡುಕಿ. ಜೇ ಊಟ ಅದು. ಮಾಂಸ ಇಲ್ಲ, ಮೀನಿನ ರಸ ಇಲ್ಲ, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಸಹ ಇಲ್ಲ. ಚೀನೀಯರ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಊರಿಗೆ ಊರೇ ಅದನ್ನ ತಿನ್ನುತ್ತೆ. ಇಲ್ಲೇ ಕಾತುವಿನಲ್ಲಿ 1825ರಲ್ಲಿ ಶುರುವಾದದ್ದು ಅಂತಾರೆ. ಗಣಿಯವರಿಗೆ ನಾಟಕ ಆಡೋಕೆ ಬಂದ ಚೀನೀ ಕಂಪನಿಗೆ ಜಡ್ಡು ಬಂತಂತೆ, ಈ ವ್ರತ ಹಿಡಿದ ಮೇಲೆ ವಾಸಿಯಾಯ್ತಂತೆ. ಹಬ್ಬ ಇಲ್ಲದಾಗಲೂ ಕೆಲವು ಅಂಗಡಿ ವರ್ಷವಿಡೀ ಇರುತ್ತೆ. ಹಾಲು, ಬೆಣ್ಣೆ ಕೂಡ ಅಲ್ಲಿ ನಿಷಿದ್ಧ.

ನಾವು: ತಡೆಯಿರಿ. ಹಾಲು ನಿಷಿದ್ಧ ಎಂದರೆ ಹಾಲಿನಿಂದ ಮಾಡಿದ್ದೂ?

ಕುಟ್ಟಾಣಿ: ಅದೂ.

ನಾವು: ಅಂದರೆ ಪನೀರ್?

ಕುಟ್ಟಾಣಿ: ಅವರು ಯಾರೇ ಆಗಿರಲಿ, ಒಳಗೆ ಬಿಡಲ್ಲ.

(ಈರುಳ್ಳಿ ಬೆಳ್ಳುಳ್ಳಿ ಮುಟ್ಟದ, ಪನೀರನ್ನೂ ಮುಟ್ಟದ ಒಂದು ಅಡುಗೆ ಸುಮಾರು ಇನ್ನೂರು ವರ್ಷದಿಂದ ಅದೇ ದ್ವೀಪದಲ್ಲಿ ಬೇಯುತ್ತಿದೆ. ಮಠದ ಪಂಕ್ತಿಯಲ್ಲಿ ಉಂಡು ಬೆಳೆದವರಿಗೆ ಹೇಳಿ ಮಾಡಿಸಿದ ಊಟ. ‘ಶುದ್ಧ’ ಡಿನ್ನರ್ ಮಾರುವ ನಮ್ಮ ಟೂರಿನವರ ಕಣ್ಣಿಗೆ ಆ ಬಾವುಟ ಒಂದು ಸಲವೂ ಬಿದ್ದಿಲ್ಲವೇ?)

ನಾವು: ಇನ್ನು ಸೀಫುಡ್. ದಕ್ಷಿಣ ತುದಿಯ ರವಾಯಿಗೆ ಹೋಗಿ, ದಡದ ಅಂಗಡಿಯಲ್ಲಿ ಜೀವಂತ ಸೀಗಡಿ ಆರಿಸಿ, ಎದುರಿನ ಹೋಟೆಲಿನಲ್ಲಿ ಬೇಯಿಸಿಕೊಂಡು ತಿಂದವರು ‘ಇದಕ್ಕಿಂತ ಲೋಕಲ್ ಇನ್ನೊಂದಿಲ್ಲ’ ಎನ್ನುತ್ತಾರೆ.

ಕುಟ್ಟಾಣಿ: ಆ ಮೀನು ಹಿಡಿಯೋರು ಯಾರು ಅಂತ ಕೇಳಿದ್ದಾರಾ?

ನಾವು: ಇಲ್ಲ.

ಕುಟ್ಟಾಣಿ: ಚಾವ್ ಲೇ. ಕಡಲಿನ ಜನ. ಉರಕ್ ಲವೊಯ್, ಮೋಕೆನ್. ಜಾಗಕ್ಕೆ ಕಾಗದಪತ್ರ ಇರಬೇಕು ಅಂತ ಗೊತ್ತಿಲ್ಲದ ಕಾಲದಿಂದ ಆ ದಡದಲ್ಲಿ ಇರೋರು. ಕಾಗದ ಬಂದಾಗ ಅದರಲ್ಲಿ ಬೇರೆಯವರ ಹೆಸರಿತ್ತು. ದ್ವೀಪಕ್ಕೆ ಪ್ರವಾಸಿಗಳು ತುಂಬಿದ ಹಾಗೆ ಮರಳಿಗೆ ಬೆಲೆ ಬಂತು, ಮನೆ ಖಾಲಿ ಮಾಡಿ ಅಂತ ಕೇಸು ಬಿತ್ತು. 2016ರ ಜನವರಿಯಲ್ಲಿ, ಜಾಗ ತಮ್ಮದು ಅನ್ನೋರ ಕಡೆಯ ಗುಂಪು ಬಂದು, ಇವರು ಕಡಲಿಗೂ ದೇವರ ಜಾಗಕ್ಕೂ ನಡೆದು ಹೋಗೋ ದಾರಿಯನ್ನೇ ಬಂಡೆ ಇಟ್ಟು ಮುಚ್ಚೋಕೆ ನೋಡಿತು. ಹೊಡೆದಾಟ ಆಯ್ತು, ರಕ್ತ ಬಿತ್ತು. ಈ ನೆಲದಲ್ಲಿ ಇವರು ಹಳಬರು ಅಂತ ತೋರಿಸೋಕೆ, ಹೂತಿದ್ದ ಹಿರಿಯರ ಮೂಳೆ ತೆಗೆದು ಪರೀಕ್ಷೆಗೆ ಕೊಡಬೇಕಾಯ್ತು. ನಿಮ್ಮ ತಾತನ ಮೂಳೆ ತೋರಿಸಿ ಮನೆಯಲ್ಲಿ ಇರೋಕೆ ಅಪ್ಪಣೆ ಕೇಳಿದ್ದೀರಾ ಎಂದಾದರೂ? ಬಾಯಿಗೆ ಒಂದು ಪ್ಲಾಸ್ಟಿಕ್ ಪೈಪು ಕಚ್ಚಿ, ದೋಣಿ ಮೇಲಿನ ಕಂಪ್ರೆಸರಿನಿಂದ ಗಾಳಿ ಎಳ್ಕೊಂಡು ಆಳಕ್ಕೆ ಮುಳುಗ್ತಾರೆ. ಬೇಗ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತೆ. ಕಾಲು ಬಿದ್ದುಹೋದವರು ಇದ್ದಾರೆ. ಆ ಮೀನಿಗೆ ನೀವು ಚೌಕಾಸಿ ಮಾಡ್ತೀರಿ. ತಟ್ಟೆಯಲ್ಲಿ ಅವರ ಮೀನು ಇರಬೇಕು, ರೂಮಿನ ಕಿಟಕಿಯಿಂದ ಅವರ ತಗಡಿನ ಮನೆ ಕಾಣಬಾರದು.

ನಾವು ಪನೀರಿನ ಬಗ್ಗೆ ಬರೆದುಕೊಂಡು ಬಂದಿದ್ದ ಪ್ರಶ್ನೆಗಳು ಇನ್ನೂ ಒಂದಷ್ಟಿದ್ದವು. ಕೇಳಲಿಲ್ಲ.

ಸಂದರ್ಶನ ಇಲ್ಲಿಗೆ ಮುಗಿಯಿತು. ಅಜ್ಜಿ ನಾಳೆಯ ಮೆಣಸು ನೆನೆಹಾಕಲು ಬಂದರು. ಮಣ್ಣಿನ ಕುಟ್ಟಾಣಿಯ ಹೇಳಿಕೆಯನ್ನೂ ಪಡೆಯುವುದು ಪತ್ರಿಕಾಧರ್ಮ ಎಂದು ಗಾಡಿಯ ಹತ್ತಿರ ಹೋದರೆ, ಫೋಟೊ ತೆಗೆಯುವವರ ಸಾಲು ಇನ್ನೂ ಕರಗಿರಲಿಲ್ಲ.

ಹೋಗುವವರಿಗೆ ಎರಡು ಮಾತು. ಬೇಗ ಎದ್ದು ಬಫೆ ಬಿಟ್ಟು ಪೇಟೆಗೆ ನಡೆಯಿರಿ. ರವಾಯಿಗೆ ಹೋದರೆ ಮೀನನ್ನು ಚಾವ್ ಲೇ ಹೆಂಗಸರ ಕೈಯಿಂದಲೇ ಕೊಳ್ಳಿ, ಹೇಳಿದ ದರ ಕೊಡಿ. ಟೂರ್ ನಡೆಸುವವರಲ್ಲಿ ಒಂದು ಮನವಿ: ಆ ರಾತ್ರಿಯೂಟಗಳನ್ನು ಪ್ಯಾಕೇಜಿನಿಂದ ತೆಗೆದು, ಅದರ ದುಡ್ಡನ್ನು ಬಾತ್ ಲೆಕ್ಕದಲ್ಲಿ ನಮ್ಮ ಕೈಗೇ ಕೊಟ್ಟುಬಿಡಿ. ಪನೀರನ್ನು ಊರಿಗೆ ಬಂದ ಮೇಲೆ ಮದುವೆ ಮನೆಗಳಲ್ಲಿ ನಾವು ಹೇಗೂ ತಿನ್ನಲೇಬೇಕು.